ಕಾರಿನ ಹುಚ್ಚಿರುವವರು ಆವರೇಜ್ ಲೆಕ್ಕ ಇಡುತ್ತಾರಾ?

ಕಲಬುರಗಿಯಲ್ಲಿ ಯಾರ ಮನೆ ಮುಂದೆ ಹೊಸ ಕಾರು ಬಂದು ನಿಂತರೂ, ತೆಂಗಿನಕಾಯಿ ಒಡೆಯುವಷ್ಟರಲ್ಲಿ ಓಣಿಯವರ ಪ್ರಶ್ನೆ ಬಂದಿರುತ್ತದೆ: 'ಆವರೇಜ್ ಎಷ್ಟ್ ಕೊಡ್ತದ್ರಿ?' ಅಂದರೆ, ಲೀಟರ್‌ಗೆ ಎಷ್ಟು ಕಿ.ಮೀ. ಓಡುತ್ತದೆ? ಬಣ್ಣ, ಬೆಲೆ, ಏರ್‌ಬ್ಯಾಗ್ ಎಲ್ಲ ಆಮೇಲಿನ ಮಾತು. ಇದೇ ಪ್ರಶ್ನೆಯನ್ನು ಕಾರಿನ ಹುಚ್ಚು ಹತ್ತಿಸಿಕೊಂಡ ಹುಡುಗನಿಗೆ ಕೇಳಿ. 'ನಾ ಅದೆಲ್ಲ ನೋಡಂಗಿಲ್ರಿ' ಎಂದು ನಕ್ಕುಬಿಡುತ್ತಾನೆ. ಆದರೆ ಅವನ ಮೊಬೈಲ್ ಇಸಿದುಕೊಂಡು ನೋಡಿದರೆ, ಪ್ರತಿ ಸಲ ಬಂಕ್‌ಗೆ ಹೋದಾಗ ಎಷ್ಟು ಲೀಟರ್ ಹಾಕಿಸಿದ, ಮೀಟರ್ ಎಷ್ಟಿತ್ತು, ಟೈರಿನಲ್ಲಿ ಹವಾ ಎಷ್ಟಿತ್ತು ಎಂಬುದೆಲ್ಲ ತಾರೀಖಿನ ಸಮೇತ ಬರೆದಿಟ್ಟಿರುತ್ತಾನೆ.

ಅವನು ಸುಳ್ಳು ಹೇಳುತ್ತಿಲ್ಲ. ಹಣದ ಲೆಕ್ಕಕ್ಕೆಂದು ಅವನು ಆವರೇಜ್ ನೋಡುವುದಿಲ್ಲ. ವೈದ್ಯ ನಾಡಿ ಹಿಡಿದು ನೋಡುವ ಹಾಗೆ ನೋಡುತ್ತಾನೆ. ಎಂಜಿನ್ ಸರಿಯಿದೆಯೇ, ಬ್ರೇಕ್ ಎಲ್ಲಾದರೂ ಹಿಡಿಯುತ್ತಿದೆಯೇ, ತನ್ನ ಬಲಗಾಲು ಅಗತ್ಯಕ್ಕಿಂತ ಭಾರವಾಗಿದೆಯೇ ಎಂಬುದು ಆ ಒಂದು ಅಂಕಿಯಲ್ಲಿ ಸಿಗುತ್ತದೆ. ಹಾಗಾಗಿ ಉಳಿತಾಯದ ಮಾತಾಡುವ ಬಹಳ ಜನರಿಗಿಂತ ಅವನ ಅಂಕಿಯೇ ಹೆಚ್ಚು ನಂಬಲರ್ಹ ಎಂದು ನನ್ನ ಅನಿಸಿಕೆ. ಅದು ಹೇಗೆ ಎನ್ನಲು ಆವರೇಜ್ ಅನ್ನುವುದು ಹುಟ್ಟುವುದೇ ಎಲ್ಲಿ ಎಂದು ನೋಡಬೇಕು.

ಕಂಪನಿ ಹೇಳುವುದು, ಬಂಕ್ ಹೇಳುವುದು

ಶೋರೂಮ್‌ನಲ್ಲಿ ಹೇಳುವ ಅಂಕಿ ರಸ್ತೆ ಮೇಲೆ ಓಡಿಸಿ ಬರೆದದ್ದಲ್ಲ. ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯೊಳಗೆ ಕಾರಿನ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ಕ್ರಮದಲ್ಲಿ ವೇಗ ಏರಿಸುತ್ತ ಇಳಿಸುತ್ತ ಸುಮಾರು 20 ನಿಮಿಷ ಓಡಿಸುತ್ತಾರೆ. ಯುರೋಪಿನ ಹಳೆಯ ಪರೀಕ್ಷೆಯಲ್ಲಿ ಗರಿಷ್ಠ ವೇಗ ಗಂಟೆಗೆ 120 ಕಿ.ಮೀ. ಇತ್ತು, ನಮ್ಮಲ್ಲಿ ಅದನ್ನು 90ಕ್ಕೆ ಇಳಿಸಿಕೊಂಡರು. ಇಡೀ ಓಟದ ಸರಾಸರಿ ವೇಗ 30ರ ಆಸುಪಾಸು. ಎಸಿ ಬಂದ್. ವೇಗ ಏರುವುದೂ ನಿಧಾನ. ಜಗತ್ ಸರ್ಕಲ್‌ನಲ್ಲಿ ಸಿಗ್ನಲ್ ಬಿಟ್ಟಾಗ ಹಾಗೆ ಹೊರಟರೆ ಹಿಂದಿನ ಆಟೋದವನು ಹಾರ್ನ್ ಮೇಲಿನ ಕೈ ತೆಗೆಯುವುದಿಲ್ಲ. ಈ ಅಂಕಿ ಎರಡು ಕಾರುಗಳನ್ನು ಹೋಲಿಸಲು ಸರಿ. ಮೇ ತಿಂಗಳ 42 ಡಿಗ್ರಿಯಲ್ಲಿ ಎಸಿ ಹಾಕಿಕೊಂಡು ಊರಿನ ಸುಪರ್ ಮಾರ್ಕೆಟ್ ಪೇಟೆ ಸುತ್ತುವವನಿಗೆ ಅದರಿಂದ ಉಪಯೋಗವಿಲ್ಲ.

ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಆವರೇಜ್ ಇನ್ನೊಂದು ಬಗೆಯದು. ಎಂಜಿನ್‌ಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಎಷ್ಟು ಇಂಧನ ಹೋಗಿರಬಹುದು ಎಂದು ಕಂಪ್ಯೂಟರ್ ಅಂದಾಜು ಕಟ್ಟುತ್ತದೆ. ಅದು ಸಾಮಾನ್ಯವಾಗಿ ಒಂದಿಷ್ಟು ಉದಾರಿ. ಹುಚ್ಚಿನ ಹುಡುಗರು ಅದನ್ನು ನಂಬದೆ ಟ್ಯಾಂಕ್‌ನಿಂದ ಟ್ಯಾಂಕ್‌ಗೆ ಲೆಕ್ಕ ಹಾಕುತ್ತಾರೆ: ಫುಲ್ ಮಾಡಿಸಿ ಟ್ರಿಪ್ ಮೀಟರ್ ಸೊನ್ನೆಗೆ ತಂದು, ಮುಂದಿನ ಸಲ ಮತ್ತೆ ಫುಲ್ ಮಾಡಿಸಿ, ಓಡಿದ ಕಿ.ಮೀ.ಯನ್ನು ಆಗ ಹಿಡಿಸಿದ ಲೀಟರ್‌ನಿಂದ ಭಾಗಿಸುವುದು. ಇಲ್ಲಿ 'ಫುಲ್' ಎಂದರೆ ಎಷ್ಟು ಎಂಬುದೇ ಸೂಕ್ಷ್ಮ. ನಳಿಗೆ ತಾನಾಗಿ ಟಕ್ ಎಂದು ನಿಂತ ಮೇಲೆ ಬಂಕಿನ ಹುಡುಗ ಚಿಲ್ಲರೆ ರೌಂಡ್ ಮಾಡಲು ಇನ್ನೊಂದಿಷ್ಟು ಹನಿಸುತ್ತಾನಲ್ಲ, ಅಲ್ಲೇ ಒಂದು ಲೀಟರ್ ತನಕ ಫರಕು ಬೀಳುತ್ತದೆ. 30 ಲೀಟರ್‌ನಲ್ಲಿ ಒಂದು ಲೀಟರ್ ಎಂದರೆ ಶೇ 3ಕ್ಕಿಂತ ಹೆಚ್ಚು. ಅದಕ್ಕೇ ಲೆಕ್ಕದವರು ಮೊದಲ ಟಕ್‌ಗೆ 'ಸಾಕು' ಅನ್ನುತ್ತಾರೆ, ಆದಷ್ಟು ಅದೇ ಬಂಕ್, ಅದೇ ಪಂಪ್ ಹಿಡಿಯುತ್ತಾರೆ, ಮೂರ್ನಾಲ್ಕು ಟ್ಯಾಂಕ್‌ನ ಸರಾಸರಿ ತೆಗೆಯುತ್ತಾರೆ. ಅಳತೆ ಮೇಲೆ ಅನುಮಾನ ಬಂದರೆ ಬಂಕಿನಲ್ಲಿರುವ 5 ಲೀಟರ್‌ನ ಮುದ್ರೆಯೊತ್ತಿದ ಮಾಪನ ತರಿಸಿ ಪರೀಕ್ಷಿಸಬಹುದು. ಅದು ಗ್ರಾಹಕನ ಹಕ್ಕು.

ನಸುಕಿನಲ್ಲಿ ಹಾಕಿಸಿದರೆ ಪೆಟ್ರೋಲ್ ಹೆಚ್ಚು ಬರುತ್ತದೆ ಎಂದು ಎಷ್ಟೋ ಜನ ಆರು ಗಂಟೆಗೇ ಬಂಕ್ ಮುಂದೆ ನಿಂತಿರುತ್ತಾರೆ. ಒಂದು ಡಿಗ್ರಿ ಬಿಸಿ ಏರಿದರೆ ಪೆಟ್ರೋಲ್ ಹಿಗ್ಗುವುದು ಸುಮಾರು ಸಾವಿರಕ್ಕೆ ಒಂದು ಪಾಲು. ಟ್ಯಾಂಕ್ ಇರುವುದು ನೆಲದೊಳಗೆ, ಅಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಅಂಥ ವ್ಯತ್ಯಾಸವಿಲ್ಲ. ಎರಡು ಡಿಗ್ರಿ ಎಂದು ಹಿಡಿದರೂ 30 ಲೀಟರ್‌ಗೆ ಸಿಗುವುದು 60 ಮಿ.ಲೀ., ಒಂದು ಸಣ್ಣ ಕಪ್ ಚಹಾದಷ್ಟು.

ಟೈರ್ ಬದಲಿಸಿದವರಿಗೆ ಇನ್ನೊಂದು ಗೊಂದಲ ಕಾದಿರುತ್ತದೆ. 185/65 ಆರ್ 15 ಟೈರ್ ತೆಗೆದು ನೋಟಕ್ಕೆಂದು 195/65 ಹಾಕಿದರೆ, ಅಗಲದ ಜೊತೆ ಟೈರಿನ ಎತ್ತರವೂ (ಅಗಲದ ಶೇ 65) ಏರಿ, ಚಕ್ರದ ವ್ಯಾಸ ಶೇ 2ರಷ್ಟು ಹೆಚ್ಚುತ್ತದೆ. ಕಾರು 102 ಕಿ.ಮೀ. ಹೋಗಿದ್ದರೂ ಮೀಟರ್ 100 ಎಂದೇ ತೋರಿಸುತ್ತದೆ. 'ಅಗಲ ಟೈರ್ ಹಾಕಿಸಿದೆ, ಆವರೇಜ್ ಬಿತ್ತು' ಎಂದು ಅಲವತ್ತುಕೊಳ್ಳುವವರ ನಷ್ಟದಲ್ಲಿ ಅಷ್ಟು ಪಾಲು ಬರೀ ಮೀಟರಿನದು. ಉಳಿದದ್ದು ಮಾತ್ರ ನಿಜವಾದ ತೂಕ ಮತ್ತು ಘರ್ಷಣೆ.

ನೂರು ಕುದುರೆಯಲ್ಲಿ ಹತ್ತೇ ದುಡಿಯುವುದು

ಇಲ್ಲಿಂದ ಮುಂದೆ ವಿಷಯಕ್ಕೆ ರುಚಿ ಬರುತ್ತದೆ. ನೂರು ಅಶ್ವಶಕ್ತಿಯ ಸಾಧಾರಣ ಕಾರೊಂದು ಸಪಾಟು ರಸ್ತೆಯಲ್ಲಿ 80ರ ವೇಗದಲ್ಲಿ ಒಂದೇ ಸಮ ಸಾಗಲು ಬೇಕಾದ ಶಕ್ತಿ ಹತ್ತು ಕುದುರೆಯ ಹತ್ತಿರ ಹತ್ತಿರ, ಅಷ್ಟೇ. ಉಳಿದ ತೊಂಬತ್ತು ಸುಮ್ಮನೆ ಕಾದಿರುತ್ತವೆ. 120ಕ್ಕೆ ಏರಿಸಿದರೆ ಬೇಡಿಕೆ 25ಕ್ಕೆ ಹೋಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದೇ ಇದಕ್ಕೆ ಕಾರಣ: 80ರಿಂದ 120ಕ್ಕೆ ವೇಗ ಒಂದೂವರೆ ಪಟ್ಟು, ಗಾಳಿಯ ತಡೆ ಎರಡೂ ಕಾಲು ಪಟ್ಟು. ಹುಮನಾಬಾದ್ ದಾಟಿ ಹೈದರಾಬಾದ್ ಹೆದ್ದಾರಿ ಹತ್ತಿದವರ ಆವರೇಜ್ ಜಹೀರಾಬಾದ್ ಬರುವಷ್ಟರಲ್ಲಿ ಕುಸಿದಿದ್ದರೆ ಕಾರಣ ಹುಡುಕಲು ಬೇರೆಲ್ಲೂ ಹೋಗಬೇಕಿಲ್ಲ.

ಹತ್ತೇ ಕುದುರೆ ಸಾಕಾದರೆ ದೊಡ್ಡ ಎಂಜಿನ್‌ಗೇಕೆ ಹೆಚ್ಚು ಹಸಿವು? ಪೆಟ್ರೋಲ್ ಎಂಜಿನ್‌ಗೆ ಗಾಳಿ ಹೋಗುವ ಕೊಳವೆಯ ಬಾಯಲ್ಲಿ ಥ್ರಾಟಲ್ ಎಂಬ ತಿರುಗುವ ಬಿಲ್ಲೆ ಇರುತ್ತದೆ. ಆಕ್ಸಿಲರೇಟರ್ ಹಗುರವಾಗಿ ಒತ್ತಿದಾಗ ಅದು ಬಹುಪಾಲು ಮುಚ್ಚಿರುತ್ತದೆ, ಎಂಜಿನ್ ಸಣ್ಣ ಸಂದಿಯಿಂದ ಗಾಳಿ ಎಳೆದುಕೊಳ್ಳಲು ಏದುಸಿರು ಬಿಡುತ್ತದೆ. ಆ ಎಳೆಯುವ ಕೆಲಸಕ್ಕೂ ಪೆಟ್ರೋಲೇ ಬೇಕು, ಚಕ್ರಕ್ಕೆ ಅದರಿಂದ ಏನೂ ಸಿಗುವುದಿಲ್ಲ. ಎಂಜಿನ್ ದೊಡ್ಡದಾದಷ್ಟೂ ಅದೇ ಹತ್ತು ಕುದುರೆಗೆ ಬಿಲ್ಲೆಯನ್ನು ಇನ್ನಷ್ಟು ಮುಚ್ಚಬೇಕು, ವ್ಯರ್ಥ ಇನ್ನಷ್ಟು. ಮೇಲಿನ ಗೇರ್‌ನಲ್ಲಿ ಕಡಿಮೆ ಸುತ್ತಿನಲ್ಲಿ ಓಡಿಸಿ ಎನ್ನುವ ಸಲಹೆಯ ಒಳಗುಟ್ಟು ಇದೇ: ಸುತ್ತು ಕಡಿಮೆಯಾದಾಗ ಬಿಲ್ಲೆ ಹೆಚ್ಚು ತೆರೆದುಕೊಳ್ಳಲೇಬೇಕು. ಎಂಜಿನ್ ಗುದ್ದಾಡುವಷ್ಟು ಕೆಳಗೆ ಹೋಗಬಾರದು, ಅಷ್ಟೇ.

ಡೀಸೆಲ್‌ನಲ್ಲಿ ಶಕ್ತಿಯನ್ನು ನಿಭಾಯಿಸುವುದು ಗಾಳಿಯಿಂದಲ್ಲ, ಇಂಧನದ ಪ್ರಮಾಣದಿಂದ. ಗಾಳಿಯ ಬಾಯಿ ಬಹುತೇಕ ತೆರೆದೇ ಇರುತ್ತದೆ. ಜೊತೆಗೆ ಒತ್ತಡ ಹೆಚ್ಚು, ಒಂದು ಲೀಟರ್ ಡೀಸೆಲ್‌ನೊಳಗಿನ ಶಕ್ತಿಯೂ ಪೆಟ್ರೋಲ್‌ಗಿಂತ ಶೇ 10ಕ್ಕೂ ಮಿಕ್ಕಿ ಜಾಸ್ತಿ. ನಮ್ಮ ಕಡೆ ಬೊಲೆರೊ, ಸ್ಕಾರ್ಪಿಯೊ, ಇನ್ನೋವಾ ಬೇರು ಬಿಟ್ಟದ್ದು ಇದಕ್ಕೆ, ಮತ್ತೆ ಡೀಸೆಲ್ ಸೋವಿಯಾಗಿದ್ದುದಕ್ಕೆ. ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ 2010ರಲ್ಲಿ, ಡೀಸೆಲ್‌ನದು 2014ರಲ್ಲಿ ಸಡಿಲವಾದ ಮೇಲೆ ಆ ಸೋವಿತನ ಬಹಳಷ್ಟು ಕರಗಿತು.

ಎಂಜಿನ್ನೊಳಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಪೆಟ್ರೋಲ್ ಬಂದದ್ದು ಹುಚ್ಚಿನವರಿಗೆ ಹಬ್ಬ. ಹಗುರ ಕಾಲಿಗೆ ಅದು ಸಣ್ಣ ಎಂಜಿನ್, ಒತ್ತಿದಾಗ ದೊಡ್ಡ ಎಂಜಿನ್. ಪೂರ್ತಿ ಒತ್ತಿದಾಗ ಬಿಸಿ ತಣಿಸಲು ಕೆಲವು ಎಂಜಿನ್‌ಗಳು ಹೆಚ್ಚುವರಿ ಪೆಟ್ರೋಲನ್ನೂ ಸುರಿಯುತ್ತವೆ. ಹಾಗಾಗಿ ಒಂದೇ ಕಾರು ಅಪ್ಪನ ಕೈಯಲ್ಲಿ 17, ಮಗನ ಕೈಯಲ್ಲಿ 10 ಕೊಟ್ಟರೆ ಇಬ್ಬರ ಮಾತೂ ನಿಜ. ಈ ಸಣ್ಣ ಟರ್ಬೊಗಳು ಇಷ್ಟೊಂದು ಬಂದದ್ದರ ಹಿಂದೆಯೂ ಮೈಲೇಜ್ ನಿಯಮವೇ ಇದೆ. ಕಂಪನಿಯೊಂದು ಮಾರುವ ಎಲ್ಲ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಪ್ರತಿ ಕಿ.ಮೀ.ಗೆ ಮೊದಲ ಹಂತದಲ್ಲಿ ಸುಮಾರು 130 ಗ್ರಾಂ, 2022ರಿಂದ ಸುಮಾರು 113 ಗ್ರಾಂ ಮೀರಬಾರದು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕೆ.ಜಿ. ಹೊರಬರುತ್ತದೆ. ಅಂದರೆ 113 ಗ್ರಾಂ ಎಂದರೆ ಲೀಟರ್‌ಗೆ ಸುಮಾರು 20 ಕಿ.ಮೀ. ಆವರೇಜ್ ನೋಡುವುದಿಲ್ಲ ಎನ್ನುವವನ ಕಾರನ್ನೂ ಆವರೇಜ್ ನೋಡಿಯೇ ಕಟ್ಟಿರುತ್ತಾರೆ.

ಬೀದರಿಗೆ ಹೋಗುವಾಗ ಕಡಿಮೆ, ಬರುವಾಗ ಜಾಸ್ತಿ

ಕಲಬುರಗಿಯಿಂದ ಬೀದರಿಗೆ ಹೋದಾಗ ಒಂದು ಆವರೇಜ್, ವಾಪಸ್ ಬರುವಾಗ ಇನ್ನೊಂದು ತೋರಿಸುತ್ತದೆ ಎಂದು ಗಮನಿಸಿದವರಿದ್ದಾರೆ. ಇದು ಭ್ರಮೆಯಲ್ಲ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಬೀದರ್ ಅದಕ್ಕಿಂತ 200 ಮೀಟರ್‌ಗೂ ಮೇಲೆ. ಜನ, ಸಾಮಾನು ಸೇರಿ 1,300 ಕೆ.ಜಿ. ತೂಗುವ ಕಾರನ್ನು ಬರೀ 200 ಮೀಟರ್ ಎತ್ತಲು ಬೇಕಾದ ಶಕ್ತಿ ಲೆಕ್ಕ ಹಾಕಿ, ಎಂಜಿನ್ ಪೆಟ್ರೋಲಿನ ಮೂರನೇ ಒಂದರಷ್ಟನ್ನೂ ಕೆಲಸಕ್ಕೆ ತಾರದು ಎಂಬುದನ್ನು ಸೇರಿಸಿದರೆ, ಹೆಚ್ಚು ಕಡಿಮೆ ಕಾಲು ಲೀಟರ್ ಬರುತ್ತದೆ. 110 ಕಿ.ಮೀ. ದಾರಿಗೆ 16ರ ಕಾರು ಕುಡಿಯುವುದು ಏಳು ಲೀಟರ್‌ನ ಒಳಗೆ. ಅದಕ್ಕೆ ಕಾಲು ಲೀಟರ್ ಕೂಡಿಸಿದರೆ ಹೋಗುವಾಗ 15.4, ಕಳೆದರೆ ಬರುವಾಗ 16.6ರ ಹತ್ತಿರ. ಹೋಗುವಾಗ ಎದುರುಗಾಳಿ ಇದ್ದರೆ ಫರಕು ಇನ್ನೂ ಹಿಗ್ಗುತ್ತದೆ. ಆವರೇಜ್ ಹೇಳುವವನು ಒಂದೇ ದಿಕ್ಕಿನ ಅಂಕಿ ಹೇಳಿದರೆ ಲೆಕ್ಕ ಬಲ್ಲವರು ತಿರುಗಿ ಕೇಳುತ್ತಾರೆ: 'ಹೋಗಾಗಿಂದೋ, ಬರಾಗಿಂದೋ?'

ಇಳಿಜಾರಿನ ಮಾತು ಬಂದಾಗ ನ್ಯೂಟ್ರಲ್ ವಿಷಯ ಬಂದೇ ಬರುತ್ತದೆ. ಇಳಿಜಾರು ಸಿಕ್ಕ ಕೂಡಲೇ ಗೇರ್ ತೆಗೆದುಬಿಡುವ ಚಾಲಕರು ನಮ್ಮಲ್ಲಿ ಬಹಳ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಆ ಲೆಕ್ಕಕ್ಕೆ ಅರ್ಥವಿತ್ತು. ಆಗ ಪೆಟ್ರೋಲನ್ನು ಗಾಳಿಗೆ ಬೆರೆಸುತ್ತಿದ್ದ ಕಾರ್ಬುರೇಟರ್‌ಗೆ ಪೆಟ್ರೋಲ್ ಪೂರ್ತಿ ನಿಲ್ಲಿಸುವ ಬುದ್ಧಿ ಇರಲಿಲ್ಲ. ಈಗಿನ ಇಂಜೆಕ್ಷನ್ ಕಾರಿನಲ್ಲಿ ಗೇರ್ ಇದ್ದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜೆಕ್ಟರ್‌ಗಳೇ ಮುಚ್ಚಿಕೊಳ್ಳುತ್ತವೆ. ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ, ಪೆಟ್ರೋಲ್ ಸೊನ್ನೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ತನ್ನಷ್ಟಕ್ಕೆ ತಾನು ಉಸಿರಾಡಲು ಕುಡಿಯುತ್ತಲೇ ಇರಬೇಕು. ಮೇಲಾಗಿ ಎಂಜಿನ್ ಹಿಡಿತ ತಪ್ಪಿ ಬ್ರೇಕ್ ಒಂದರ ಮೇಲೆಯೇ ಭಾರ. ಹುಚ್ಚಿನವರಲ್ಲಿ ಈ ಅಭ್ಯಾಸ ನಾನು ಕಂಡದ್ದು ಕಡಿಮೆ. ಟ್ಯಾಕ್ಸಿ ಓಡಿಸುವ ಹಿರಿಯರಲ್ಲಿ ಇನ್ನೂ ಗಟ್ಟಿಯಾಗಿದೆ, ಹೇಳಿದರೆ ಕೇಳುವುದಿಲ್ಲ.

ನಿಂತ ಕಾರು ಎಷ್ಟು ಕುಡಿಯುತ್ತದೆ ಎಂಬುದೂ ಹಾಗೇ. ಸಣ್ಣ ಪೆಟ್ರೋಲ್ ಎಂಜಿನ್ ನಿಂತಲ್ಲೇ ಗಂಟೆಗೆ ಅರ್ಧ ಲೀಟರ್‌ನಿಂದ ಒಂದು ಲೀಟರ್ ತನಕ ಸುಡುತ್ತದೆ, ಎಸಿ ಹಾಕಿದ್ದರೆ ಮೇಲಿನ ತುದಿಗೆ ಹತ್ತಿರ. ಮನೆಯವರು ಸೀರೆ ಅಂಗಡಿಯಿಂದ ಬರುವ ತನಕ ಎಸಿಯಲ್ಲಿ ಕುಳಿತವನ ಆವರೇಜ್ ಆ ಹೊತ್ತಿನ ಮಟ್ಟಿಗೆ ಸೊನ್ನೆ.

ಅಂಕಿ ಬಿದ್ದಾಗ

ಗ್ಯಾರೇಜ್‌ನಲ್ಲಿ ಕೇಳಿಬರುವ ಮಾತು ಹೀಗಿರುತ್ತದೆ.

'ಅಣ್ಣಾ, ಹದಿನಾರು ಕೊಡ್ತಿತ್ತು, ಈಗ ಹದಿಮೂರಕ್ಕ ಬಂದದ. ಪ್ಲಗ್ ಬದಲಿ ಮಾಡಬೇಕೇನ್ರಿ?'

'ಪ್ಲಗ್ ಕೈ ಬಿಡು. ಟೆಂಪರೇಚರ್ ಕಾಟಾ ಎಲ್ಲಿ ನಿಲ್ತದ ಹೇಳು.'

'ಅರ್ಧಕ್ಕ ಬರೋದೇ ಇಲ್ರಿ. ಥಂಡಾ ಅದ, ಛಲೋ ಅಲ್ಲೇನು?'

'ಛಲೋ ಅಲ್ಲಪಾ. ಯಾರೋ ಥರ್ಮೋಸ್ಟಾಟ್ ತೆಗದು ಒಗದಾರ.'

ನಮ್ಮ ಬಿಸಿಲಿನಲ್ಲಿ ಎಂಜಿನ್ ಕಾದಾಗ, ಎಂಜಿನ್ ಬಿಸಿಯಾಗುವ ತನಕ ನೀರನ್ನು ತಡೆದಿಡುವ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತುಹಾಕುವುದು ಹಳೆಯ ರೂಢಿ. ಆಮೇಲೆ ನೀರು ಸದಾ ರೇಡಿಯೇಟರ್ ಮೂಲಕ ಸುತ್ತುತ್ತ, ಎಂಜಿನ್ ಬೇಕಾದ ಬಿಸಿಗೆ ಏರುವುದೇ ಇಲ್ಲ. ಕಂಪ್ಯೂಟರ್ 'ಇನ್ನೂ ತಣ್ಣಗಿದೆ' ಎಂದು ತಿಳಿದು ಇಂಧನ ಹೆಚ್ಚು ಕೊಡುತ್ತ ಹೋಗುತ್ತದೆ. ದಿನಚರಿ ಬರೆದಿಟ್ಟವನಿಗೆ ಈ ಇಳಿತ ಎರಡನೇ ಟ್ಯಾಂಕ್‌ಗೇ ಕಾಣುತ್ತದೆ. 'ಸಾವಿರ ರೂಪಾಯಿದು ಹಾಕ್ರಿ' ಎಂದು ಹಾಕಿಸುತ್ತ ಹೋಗುವವನಿಗೆ ತಿಂಗಳುಗಟ್ಟಲೆ ತಿಳಿಯುವುದಿಲ್ಲ.

ಬ್ರೇಕ್ ಹಿಡಿಯುವುದು ಇನ್ನೊಂದು. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಒಂದು ಸಿಕ್ಕಿಕೊಂಡರೆ ಕಾರು ಯಾವಾಗಲೂ ಅರೆಬ್ರೇಕ್ ಹಾಕಿಕೊಂಡೇ ಓಡುತ್ತದೆ. ಹೆಚ್ಚು ಬ್ರೇಕ್ ಒತ್ತದೆ ಹತ್ತಿಪ್ಪತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ನಾಲ್ಕೂ ರಿಮ್‌ಗಳ ಹತ್ತಿರ ಅಂಗೈ ಹಿಂಭಾಗ ತಂದು ನೋಡಬೇಕು, ಮುಟ್ಟಬಾರದು. ಮುಂದಿನ ಎರಡು ಹಿಂದಿನವಕ್ಕಿಂತ ಬೆಚ್ಚಗಿರುವುದು ಸಹಜ. ಎಡಕ್ಕೂ ಬಲಕ್ಕೂ ಎದ್ದು ಕಾಣುವ ಫರಕು ಇದ್ದರೆ ಬಿಸಿಯಿರುವ ಕಡೆ ತೊಂದರೆ. 2013ರ ನಂತರದ ಕಾರುಗಳಿಗೆ ಚುಚ್ಚಿ ಎಂಜಿನ್ ಕಂಪ್ಯೂಟರಿನ ಅಂಕಿಗಳನ್ನು ಓದುವ ಸಣ್ಣ ಒಬಿಡಿ ಯಂತ್ರವನ್ನು ಜೇಬಲ್ಲಿಟ್ಟುಕೊಂಡು ತಿರುಗುವವರೂ ಇದ್ದಾರೆ. ಅದರಲ್ಲಿ ಫ್ಯುಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಇಂಧನ ಕೊಡಬೇಕಾಗಿದೆ ಎಂಬ ಅಂಕಿ, ಶೇ 10ಕ್ಕಿಂತ ಮೇಲೆ ನಿಂತಿದ್ದರೆ, ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತಿದೆ ಅಥವಾ ಗಾಳಿ ಅಳೆಯುವ ಸೆನ್ಸರ್ ಮಸುಕಾಗಿದೆ ಎಂದು ಅನುಮಾನಿಸಬಹುದು. ಹವಾ ವಿಷಯ ಎಲ್ಲರಿಗೂ ಗೊತ್ತು. ಆದರೆ ಮಧ್ಯಾಹ್ನ ಓಡಿಸಿಕೊಂಡು ಹೋಗಿ ಪಂಕ್ಚರ್ ಅಂಗಡಿಯಲ್ಲಿ ನೋಡಿಸಿದರೆ ಬಿಸಿ ಟೈರ್ ಹೆಚ್ಚೇ ತೋರಿಸುತ್ತದೆ, ಬೆಳಿಗ್ಗೆ ಅದೇ ಟೈರ್ ಕಡಿಮೆ ಇರುತ್ತದೆ. ತಣ್ಣಗಿದ್ದಾಗಲೇ ನೋಡಿಸಬೇಕು.

ದುಡ್ಡಿನ ಲೆಕ್ಕಕ್ಕೆ ಬಂದರೆ

ಮಾರುತಿ ಜಿಪ್ಸಿ ಜೀಪ್ ಇಟ್ಟುಕೊಂಡವನನ್ನು ಕಂಡರೆ ಜನ ನಗುತ್ತಾರೆ: 'ಹತ್ತರ ಮ್ಯಾಲ ಕೊಡಂಗಿಲ್ಲ, ಎದಕ್ಕ ಬೇಕಾಗ್ಯಾದ?' ಆದರೆ ಅವನು ಅದನ್ನು ಹೊರತೆಗೆಯುವುದು ಭಾನುವಾರ. ವರ್ಷಕ್ಕೆ 3,000 ಕಿ.ಮೀ. ಓಡಿಸಿದರೆ 300 ಲೀಟರ್. ದಿನವೂ ಸೇಡಂಗೆ ಹೋಗಿಬರುವ ನೌಕರ 20 ಕೊಡುವ ಕಾರಿನಲ್ಲಿ ವರ್ಷಕ್ಕೆ 25,000 ಕಿ.ಮೀ. ಓಡಿದರೆ 1,250 ಲೀಟರ್. ಪೆಟ್ರೋಲನ್ನು ನೂರು ರೂಪಾಯಿ ಎಂದು ಹಿಡಿದರೂ ಒಬ್ಬನದು 30 ಸಾವಿರ, ಇನ್ನೊಬ್ಬನದು ಒಂದೂಕಾಲು ಲಕ್ಷ. ಖರ್ಚು ತೀರ್ಮಾನವಾಗುವುದು ಆವರೇಜ್‌ನಿಂದ ಮಾತ್ರವಲ್ಲ, ಓಟದಿಂದಲೂ. ಜಿಪ್ಸಿಯವನು ಆವರೇಜ್ ಬಗ್ಗೆ ಆರಾಮಾಗಿರುವುದು ಬೇಜವಾಬ್ದಾರಿಯೇನಲ್ಲ.

ಲೀಟರ್‌ಗೆ ಇಷ್ಟು ಕಿ.ಮೀ. ಎನ್ನುವ ಅಳತೆಯೂ ಕಣ್ಣು ತಪ್ಪಿಸುತ್ತದೆ. ಸಾವಿರ ಕಿ.ಮೀ.ಗೆ ಲೆಕ್ಕ ಹಾಕಿ. 20 ಕೊಡುವ ಕಾರು 25 ಕೊಡುವಂತಾದರೆ 50 ಲೀಟರ್ ಹೋಗಿ 40 ಆಗುತ್ತದೆ, ಉಳಿತಾಯ 10 ಲೀಟರ್. 8 ಕೊಡುತ್ತಿದ್ದದ್ದು 10ಕ್ಕೆ ಬಂದರೆ 125 ಹೋಗಿ 100, ಉಳಿತಾಯ 25 ಲೀಟರ್. ಮೊದಲನೆಯದು ಐದು ಕಿ.ಮೀ. ಏರಿತು, ಎರಡನೆಯದು ಎರಡೇ. ಆದರೂ ಜೇಬಿಗೆ ಹೆಚ್ಚು ಉಳಿದದ್ದು ಎರಡನೆಯದರಲ್ಲಿ. ಯುರೋಪಿನವರು ನೂರು ಕಿ.ಮೀ.ಗೆ ಎಷ್ಟು ಲೀಟರ್ ಎಂದು ಅಳೆಯುವುದರಿಂದ ಈ ಮೋಸ ಅಲ್ಲಿ ಇಲ್ಲ. ದೊಡ್ಡ ಹಳೆಯ ಗಾಡಿ ಇಟ್ಟುಕೊಂಡವರು ಎರಡು ಕಿ.ಮೀ.ಗಾಗಿ ವಾರಗಟ್ಟಲೆ ಟ್ಯೂನಿಂಗ್ ಮಾಡಿಸುವುದರಲ್ಲಿ ಅರ್ಥವಿದೆ.

ಇತ್ತೀಚಿನ ಚರ್ಚೆ ಎಥೆನಾಲ್‌ನದು. ನಾವು ಹಾಕಿಸುವ ಪೆಟ್ರೋಲಿನಲ್ಲಿ ಈಗ ಐದನೇ ಒಂದು ಪಾಲು ಎಥೆನಾಲ್. ಬೀದರ್, ಆಳಂದ, ಅಫಜಲಪುರ ಕಡೆ ಬೆಳೆಯುವಂಥ ಕಬ್ಬಿನಿಂದಲೂ, ಮೆಕ್ಕೆಜೋಳದಂಥ ಧಾನ್ಯದಿಂದಲೂ ತಯಾರಾಗುವುದು. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟೇ ಶಕ್ತಿ. ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಶೇ 20ರ ಮಿಶ್ರಣದಲ್ಲಿ ಶಕ್ತಿ ಶೇ 6–7 ಕಡಿಮೆ. ಮೊದಲೇ ಇದ್ದ ಶೇ 10ರ ಮಿಶ್ರಣಕ್ಕೆ ಹೋಲಿಸಿದರೆ ಶೇ 3ರ ಮೇಲೆ. 15 ಕೊಡುತ್ತಿದ್ದ ಕಾರು 14.5 ಕೊಟ್ಟರೆ ಅದು ಇಂಧನದ ಲೆಕ್ಕ. 12ಕ್ಕೆ ಇಳಿದಿದ್ದರೆ ಎಥೆನಾಲ್ ಮೇಲೆ ಹೊರೆ ಹಾಕದೆ ಕಾರನ್ನು ಪರೀಕ್ಷಿಸಬೇಕು. ಎಥೆನಾಲ್‌ನ ಆಕ್ಟೇನ್ ಮಾತ್ರ, ಅಂದರೆ ಒತ್ತಡದಲ್ಲಿ ಅಕಾಲಕ್ಕೆ ಹೊತ್ತಿಕೊಳ್ಳದ ಗುಣ, ಹೆಚ್ಚು; ಅದಕ್ಕೆಂದೇ ಹೊಂದಿಸಿದ ಎಂಜಿನ್ ನಷ್ಟದ ಒಂದಂಶವನ್ನು ವಾಪಸ್ ಗಳಿಸಬಲ್ಲದು. 2023ರ ಏಪ್ರಿಲ್‌ಗಿಂತ ಮುಂಚಿನ, ಶೇ 20ರ ಮಿಶ್ರಣಕ್ಕೆ ಹೊಂದಿಸದ ಕಾರಿನವರು ರಬ್ಬರ್ ಪೈಪು, ಸೀಲುಗಳ ಕಡೆ ಕಣ್ಣಿಡುವುದು ಒಳ್ಳೆಯದು. ಅಂದಹಾಗೆ 100 ಆಕ್ಟೇನ್‌ನ ದುಬಾರಿ ಪೆಟ್ರೋಲ್ ಹಾಕಿದರೆ ಆವರೇಜ್ ಏರುತ್ತದೆ ಎಂಬುದು ಸಾಧಾರಣ ಎಂಜಿನ್‌ಗಳ ಮಟ್ಟಿಗೆ ಹುಸಿ. ಆಕ್ಟೇನ್ ಎಂದರೆ ಶಕ್ತಿಯ ಪ್ರಮಾಣ ಅಲ್ಲ.

ಕೊನೆಗೆ ಬಿಎಸ್ 6 ಎಂಬ ಹೊಗೆ ನಿಯಮದ ಡೀಸೆಲ್ ಗಾಡಿಯವರಿಗೊಂದು ಮಾತು. 2020ರಿಂದೀಚಿನ ಈ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಜಾಲರಿ ಇರುತ್ತದೆ. ಅದು ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಸುಟ್ಟು ಮಸಿಯನ್ನು ಬೂದಿ ಮಾಡುತ್ತದೆ, ಆಗ ಆವರೇಜ್ ತಾನಾಗಿ ಕುಸಿಯುತ್ತದೆ. ಮನೆ, ಬಜಾರ್, ಮತ್ತೆ ಮನೆ ಎಂದು ಪೇಟೆಯೊಳಗೇ ಓಡಿದರೆ ಈ ಕೆಲಸ ಅರ್ಧಕ್ಕೆ ನಿಂತು, ಪದೇ ಪದೇ ಮೊದಲಿನಿಂದ ಶುರುವಾಗುತ್ತದೆ, ಡೀಸೆಲ್ ವ್ಯರ್ಥವಾಗುತ್ತಲೇ ಇರುತ್ತದೆ. ವಾರಕ್ಕೊಮ್ಮೆ ಹುಮನಾಬಾದ್ ರಸ್ತೆ ಹಿಡಿದು 20–25 ನಿಮಿಷ ಒಂದೇ ಸಮ, ಎಂಜಿನ್ 2,000 ಸುತ್ತಿನ ಮೇಲಿರುವಂತೆ ಓಡಿಸಿದರೆ ಜಾಲರಿ ತಾನೇ ಸ್ವಚ್ಛವಾಗುತ್ತದೆ. ಮಿಸ್ತ್ರಿಗಳು ಈ ಸಲಹೆ ಕೊಟ್ಟಾಗ ಬಹಳಷ್ಟು ಮಾಲೀಕರು ಡೀಸೆಲ್ ಖರ್ಚಾಗುತ್ತದಲ್ಲ ಎಂದು ಹಿಂದೆಮುಂದೆ ನೋಡುತ್ತಾರೆ. ಕಾರಿನ ಹುಚ್ಚಿರುವವನು ಅಷ್ಟರಲ್ಲಿ ಕಮಲಾಪುರ ದಾಟಿರುತ್ತಾನೆ.